ಬರಿಗೈಯಲ್ಲಿ ಕೆಂಡ ಕೇಳಿದವಳು

ದೀಪ ಹಚ್ಚಿ, ಕೈಗೆ ಅಂಟಿದ ಎಣ್ಣೆಯನ್ನು ತಲೆಗೆ ಒರೆಸಿಕೊಳ್ಳುತ್ತಿದ್ದೆ. ಬಾಗಿಲ ಬೆಲ್ ಆಯಿತು. ಮಗಳು, ಅಳಿಯ ಇಬ್ಬರೂ ಮಹಡಿಯ ಮೇಲೆ ಅವರವರ ಕಂಪ್ಯೂಟರ್ ಮುಂದೆ ಮೀಟಿಂಗಿನಲ್ಲಿದ್ದರು. ಕೊರೊನಾ ಬಂದಮೇಲೆ ಇಬ್ಬರಿಗೂ ಮನೆಯೇ ಆಫೀಸು. ಬಾಗಿಲು ತೆಗೆಯುವುದು, ಬಂದ ಡಬ್ಬಗಳನ್ನು ಒಳಗೆ ಎಳೆದುಕೊಳ್ಳುವುದು ನನ್ನ ಪಾಲಿನ ಕೆಲಸ. ಡಬ್ಬವೇ ಇರಬೇಕು ಎಂದು ತೆಗೆದೆ.

ಬಿಳಿ ಮುದುಕಿಯೊಬ್ಬಳು ನಿಂತಿದ್ದಳು. ನನಗಿಂತ ಹತ್ತು ವರ್ಷವಾದರೂ ದೊಡ್ಡವಳು. ಬೂದು ಶಾಲನ್ನು ತಲೆಯ ಮೇಲಿಂದ ಹುಬ್ಬಿನವರೆಗೆ ಎಳೆದುಕೊಂಡಿದ್ದಳು. ಮುಖ ಅರ್ಧ ಕತ್ತಲು. ಬಲಗೈಯನ್ನು ಮುಂದೆ ಚಾಚಿ ಅಂಗೈ ಬಿಚ್ಚಿದ್ದಳು. ಅಂಗೈಯಲ್ಲಿ ಏನೂ ಇರಲಿಲ್ಲ.

“ಯವ್ವಾ, ಒಂದೀಟು ಬೆಂಕಿ ಕೊಡು,” ಎಂದಳು.

ಕನ್ನಡ. ಅದೂ ಹುಬ್ಬಳ್ಳಿ ಕಡೆಯ ಕನ್ನಡ. ಅಮೆರಿಕದ ಆಶ್‌ಬರ್ನ್‌ನ ಸಾಲುಮನೆಗಳ ಬೀದಿಯಲ್ಲಿ, ಬಿಳಿ ಬಾಯಿಂದ.

ನನಗೆ ಭಯವಾಗಲಿಲ್ಲ ಎಂದರೆ ಸುಳ್ಳು. ಆದರೆ ನನ್ನ ಬಾಯಿ ಹೆದರುವಂಥದ್ದಲ್ಲ.

“ನಮ್ಮನೇಲಿ ಕರೆಂಟ್ ಒಲೆ ಕಣವ್ವ. ಬೆಂಕಿ ಇಲ್ಲ,” ಎಂದೆ.

ಅವಳು ಹೋಗಲಿಲ್ಲ. ಕೈಯನ್ನೂ ಇಳಿಸಲಿಲ್ಲ. ನನ್ನ ಬಾಯನ್ನೇ ನೋಡುತ್ತಾ ನಿಂತಳು.

“ಮುಂದ?” ಎಂದಳು.

“ಮುಂದೆ ಏನು?”

“ಮುಂದ ಏನಾತು?”

ಅಷ್ಟರಲ್ಲಿ ಪಕ್ಕದ ಮನೆಯಿಂದ ಒಬ್ಬ ಹೆಂಗಸು ಮೂಗಿಗೆ ಮಾಸ್ಕ್ ಏರಿಸಿಕೊಳ್ಳುತ್ತಾ ಓಡಿಬಂದಳು. ಅರವತ್ತರ ಹತ್ತಿರದವಳು, ಕೆಂಪು ಮುಖ. ಸಾರಿ ಸಾರಿ ಎನ್ನುತ್ತಾ ಮುದುಕಿಯ ಭುಜ ಹಿಡಿದು ತಿರುಗಿಸಿದಳು. ಮುದುಕಿ ಮೆಟ್ಟಿಲು ಇಳಿಯುವಾಗಲೂ ಕೈಯನ್ನು ಚಾಚಿಕೊಂಡೇ ಇದ್ದಳು.

ಮಾರನೆಯ ದಿನ ನನ್ನ ಮಗಳು ಆ ಕೆಂಪು ಮುಖದವಳ, ಅಂದರೆ ಮುದುಕಿಯ ಮಗಳ, ಹತ್ತಿರ ಮಾತಾಡಿ ಎಲ್ಲ ತಿಳಿದುಕೊಂಡು ಬಂದಳು.

“ಅಮ್ಮಾ, ಅವರು ಇಂಗ್ಲೆಂಡಿನ ದೊಡ್ಡ ನಾವೆಲಿಸ್ಟ್ ಕಣಮ್ಮ! ಫೋನಲ್ಲಿ ಸರ್ಚ್ ಮಾಡಿದೆ, ಎಷ್ಟೊಂದು ಬುಕ್ಸ್ ಬರೆದಿದಾರೆ. ಎಲ್ಲ ದೆವ್ವದ ಕಥೆ. ಹುಟ್ಟಿದ್ದು ನಮ್ಮ ಹುಬ್ಬಳ್ಳೀಲಂತೆ, ರೈಲ್ವೆ ಬಂಗಲೇಲಿ. ಗಂಡ ತೀರಿಕೊಂಡ್ರು ಅಂತ ಮಗಳು ಇಲ್ಲಿಗೆ ಕರ್ಕೊಂಡು ಬಂದಿದಾರೆ. ಒಂದು ಸ್ಟ್ರೋಕ್ ಆಗಿದೆ. ಆಮೇಲಿಂದ ಮಧ್ಯೆ ಮಧ್ಯೆ ಅದ್ಯಾವುದೋ ಭಾಷೆ ಮಾತಾಡ್ತಾರಂತೆ. ಅದು ಕನ್ನಡ ಅಂತ ಮಗಳಿಗೆ ಗೊತ್ತೇ ಇರ್ಲಿಲ್ಲ. ನೀನು ಹಿತ್ತಿಲಲ್ಲಿ ಫೋನಲ್ಲಿ ಕೂಗಾಡ್ತೀಯಲ್ಲ, ಅದನ್ನ ಕೇಳಿಸ್ಕೊಂಡು ಬಂದ್ಬಿಟ್ಟಿದಾರೆ.”

“ನಾನೆಲ್ಲಿ ಕೂಗಾಡ್ತೀನೆ?”

“ಇಡೀ ಬೀದಿಗೆ ಕೇಳುತ್ತಮ್ಮ. ಮಧ್ಯಾಹ್ನ ಒಂದು ಗಂಟೆ ಹೊತ್ತು ಹೋಗಿ ಅವರ ಜೊತೆ ಕೂತ್ಕೋತೀಯಾ ಅಂತ ಕೇಳಿದ್ರು. ಆ ಟೈಮಲ್ಲಿ ಮಗಳಿಗೆ ಆಫೀಸ್ ಕಾಲ್ ಇರುತ್ತೆ.”

ಹೋದೆ. ಪುಣ್ಯಕ್ಕಲ್ಲ. ಆ ಊರಿನಲ್ಲಿ ನನಗೆ ಬೇರೆ ಕೆಲಸವಿರಲಿಲ್ಲ. ರಾಮನಗರದಲ್ಲಿ ರೇಷ್ಮೆ ಬಿಚ್ಚಿದವಳು ನಾನು. ಕುದಿಯುವ ನೀರಿಗೆ ಬೆರಳು ಹಾಕಿ ಗೂಡಿನ ಎಳೆ ಹಿಡಿದು ಹಿಡಿದು ಬೆರಳ ತುದಿಗೆ ಬಿಸಿ ತಿಳಿಯುವುದು ನಿಂತುಹೋಗಿದೆ. ಅಂಥ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಆಚೆ ಜಿಂಕೆ ನೋಡುತ್ತಾ ಕೂರುವುದು ನನಗೆ ಆಗದು.

ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಒಳಗೆ ಎಲ್ಲ ನಮ್ಮ ಮನೆಯಂತೆಯೇ, ಆದರೆ ಎಡಬಲ ಅದಲುಬದಲು. ಮೊದಲ ದಿನ ಒಳಗೆ ಕಾಲಿಟ್ಟಾಗ ನಮ್ಮ ಮನೆಯನ್ನೇ ಕನ್ನಡಿಯಲ್ಲಿ ನೋಡಿದ ಹಾಗಾಗಿ ಒಂದು ಗಳಿಗೆ ತಲೆ ತಿರುಗಿತು.

ಮುದುಕಿ ಗ್ಯಾಸಿನ ಬೆಂಕಿಗೂಡಿನ ಮುಂದೆ ಕುರ್ಚಿಯಲ್ಲಿದ್ದಳು. ಅದರೊಳಗೆ ಮಣ್ಣಿನಲ್ಲಿ ಮಾಡಿದ ಸುಳ್ಳು ಸೌದೆ. ಗುಂಡಿ ಒತ್ತಿದರೆ ಉರಿಯುತ್ತದೆ, ಒತ್ತಿದರೆ ಆರುತ್ತದೆ. ಬೂದಿ ಇಲ್ಲ, ಕೆಂಡ ಇಲ್ಲ.

“ಏ, ಬಾ ಇಲ್ಲೆ. ಕೂಡು. ನೀರ ತಾ,” ಎಂದಳು.

ನನಗೆ ರೇಗಿತು. “ನೀರು ಬೇಕಾದ್ರೆ ಎದ್ದು ಕುಡಿ. ನಾನೇನು ನಿನ್ನ ಆಳಾ?”

ಅವಳು ನನ್ನನ್ನು ನೋಡಿದಳು. ಆಮೇಲೆ ಕುರ್ಚಿಯ ಕೈ ಹಿಡಿದು ನಿಧಾನಕ್ಕೆ ಎದ್ದು ಅಡುಗೆಮನೆಗೆ ಹೋಗಿ ನೀರು ತಂದಳು. ಎರಡು ಲೋಟ. ಒಂದನ್ನು ನನಗೆ ಕೊಟ್ಟಳು. ಅವತ್ತಿನಿಂದ ನಮಗೆ ಹೊಂದಿಕೆಯಾಯಿತು. ನಾನು ಅವಳನ್ನು ದೊರೆಸಾನಿ ಎಂದು ಕರೆದೆ. ಅಣಕಿಸುವುದಕ್ಕೇ ಕರೆದದ್ದು. ಅವಳಿಗೆ ಅದು ಹಿಡಿಸಿತು.

ಆಮೇಲೆ ತಿಳಿಯಿತು, ಅವಳ ಬೈಗುಳದಂಥ ಮಾತು ಬೇಕೆಂದು ಆಡಿದ್ದಲ್ಲ. ಅವಳಿಗೆ ಗೊತ್ತಿದ್ದ ಕನ್ನಡ ಎರಡೇ ಬಗೆ. ಒಂದು, ಚಿಕ್ಕ ಹುಡುಗಿಯಾಗಿ ಬಂಗಲೆಯ ಆಳುಗಳಿಗೆ ಅಪ್ಪಣೆ ಕೊಡುತ್ತಿದ್ದದ್ದು. ಬಾ, ಹೋಗು, ತಾ, ಬೂಟು ಬಿಚ್ಚು. ಇನ್ನೊಂದು, ಎತ್ತಿ ಬೆಳೆಸಿದ ಆಯಾ ಅವಳಿಗೆ ಹೇಳುತ್ತಿದ್ದದ್ದು. ಯವ್ವಾ, ನನ ಬಂಗಾರ, ಅಳಬ್ಯಾಡ, ಒಂದು ಕಥಿ ಹೇಳ್ತೀನಿ, ಹೂಂ ಅನ್ನು. ಇವೆರಡರ ನಡುವೆ, ಸಮಸಮ ಕೂತು ಆಡುವ ಮಾತು ಅವಳಿಗೆ ಬರುತ್ತಿರಲಿಲ್ಲ. ನನ್ನನ್ನು ಒಂದು ಮಾತಿಗೆ ಗದರುವಳು, ಮರುಮಾತಿಗೆ ಬಂಗಾರ ಎನ್ನುವಳು.

ಮಧ್ಯಾಹ್ನದ ಹೊತ್ತಿನಲ್ಲಿ ಅವಳ ಬದುಕು ತುಂಡು ತುಂಡಾಗಿ ನನಗೆ ಸಿಕ್ಕಿತು. ಅಪ್ಪ ರೈಲ್ವೆಯಲ್ಲಿ ದೊಡ್ಡ ಸಾಹೇಬ. ಅಮ್ಮನಿಗೆ ಬಿಸಿಲು ಆಗದು, ಪರದೆ ಎಳೆದುಕೊಂಡು ಮಲಗಿರುವಳು. ಹುಡುಗಿ ಇಡೀ ದಿನ ಆಯಾ ಸೆರಗಿನಲ್ಲಿ. ಬ್ರಿಟಿಷರು ಬಿಟ್ಟು ಹೊರಟ ವರ್ಷ ಇವರೂ ಗಂಟು ಕಟ್ಟಿದರು. ಇಂಗ್ಲೆಂಡಿನಲ್ಲಿ ಹಾಸ್ಟೆಲ್ ಸ್ಕೂಲಿಗೆ ಹಾಕಿದರು. ಚಳಿ, ಬೇಯಿಸಿದ ಎಲೆಕೋಸು. ರಾತ್ರಿ ಮಿಕ್ಕ ಹುಡುಗಿಯರಿಗೆ ಇವಳು ಕಥೆ ಹೇಳಿ ಹೆದರಿಸುವುದಂತೆ. ಬೆಳೆದಮೇಲೆ ಅದನ್ನೇ ಬರೆದು ಹೊಟ್ಟೆ ಹೊರೆದಳು. ಗೋಡೆಯ ತುಂಬ ಅವಳ ಪುಸ್ತಕ. ಒಂದರ ಮೇಲಾದರೂ ನಗುವ ಮುಖವಿಲ್ಲ. ಎಲ್ಲದರ ಮೇಲೂ ಬಾಗಿಲು, ಇಲ್ಲವೆ ಕೈ.

ಪೇಪರಿನವರು ಬಂದು ಕೇಳುತ್ತಿದ್ದರಂತೆ, ಇಂಥ ಕಥೆ ನಿಮಗೆ ಎಲ್ಲಿಂದ ಬರುತ್ತದೆ, ಯಾರಿಂದ ಕಲಿತಿರಿ ಎಂದು. ಇವಳು ಇಂಗ್ಲೆಂಡಿನ ಮಂಜು ಎನ್ನುವಳು, ಚರ್ಚಿನ ಸಮಾಧಿ ಎನ್ನುವಳು, ಅಜ್ಜಿಯ ಹಳೇ ಮನೆ ಎನ್ನುವಳು.

“ಆಯಾ ಅಂತ ಯಾಕೆ ಹೇಳ್ಲಿಲ್ಲ?” ಎಂದೆ.

“ಯಾರೂ ಕೇಳಲಿಲ್ಲ.”

“ಅದನ್ನೇ ತಾನೆ ಕೇಳಿದ್ದು ಅವರು?”

ಅವಳು ಸುಳ್ಳು ಸೌದೆಯ ಕಡೆ ಮುಖ ತಿರುಗಿಸಿದಳು. ನಾನು ಬಿಡಲಿಲ್ಲ.

“ಅವಳ ಹೆಸರೇನು?”

“ಆಯಾ.”

“ಆಯಾ ಹೆಸರಲ್ಲ. ಹೆತ್ತವರು ಇಟ್ಟ ಹೆಸರು?”

ಬಾಯಿ ತೆರೆದಳು. ತುಟಿ ಅಲ್ಲಾಡಿತು. ಏನೂ ಬರಲಿಲ್ಲ. ಸ್ಟ್ರೋಕಿನಿಂದ ಮರೆತದ್ದಲ್ಲ ಅದು. ಗೊತ್ತೇ ಇರಲಿಲ್ಲ.

“ಚೆನ್ನಾಗಿದೆ. ಹುಟ್ಟಿದಾಗಿಂದ ಎತ್ತಿ ಆಡಿಸಿದಾಳೆ, ಅವಳ ಕಥೆ ಮಾರಿ ಮನೆ ಕಟ್ಟಿದೀಯ, ಹೆಸರು ಗೊತ್ತಿಲ್ಲ,” ಎಂದೆ.

ಅಳುತ್ತಾಳೇನೋ ಎಂದುಕೊಂಡೆ. ಅಳಲಿಲ್ಲ. “ಖರೆ,” ಎಂದಳು. ಅದಕ್ಕೇ ನನಗೆ ಅವಳ ಮೇಲೆ ಮರ್ಯಾದೆ ಬಂದದ್ದು.

ಮೊದಲ ದಿನ ಬೆಂಕಿ ಕೇಳಲು ಯಾಕೆ ಬಂದಿದ್ದಳು ಎಂದು ಕೇಳಿದ್ದಕ್ಕೆ, “ಕಥಿ ಹೇಳ್ತೀನಿ. ಹೂಂ ಅನ್ನು,” ಎಂದಳು.

ನಮ್ಮಲ್ಲಿ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಥೆ ಹೇಳುವವರು ಒಂದು ಮಾತು ಹೇಳಿ ನಿಲ್ಲಬೇಕು, ಕೇಳುವವರು ಹೂಂ ಎನ್ನಬೇಕು. ಹೂಂ ಬರದಿದ್ದರೆ ಕಥೆ ಮುಂದಕ್ಕೆ ಹೋಗದು. ಮಕ್ಕಳು ನಿದ್ದೆ ಹೋದರೋ ಎಂದು ತಿಳಿಯುವುದೂ ಅದರಿಂದಲೇ. ಆದರೆ ನಮ್ಮಲ್ಲಿ ಹಗಲು ಹೊತ್ತು ಕಥೆ ಹೇಳುವುದಿಲ್ಲ, ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ ಎನ್ನುತ್ತಾರೆ. ಅದನ್ನು ಹೇಳಿದೆ.

ದೊರೆಸಾನಿ ನಕ್ಕಳು. ಚೆನ್ನಾದ ನಗುವಲ್ಲ. “ಆಯಾನೂ ಅದನ್ನ ಹೇಳತಿದ್ಲು. ಸಂಜೀಕ ಆಕಿ ತನ್ನ ಮನಿಗೆ ಹೋಗಾಕಿ. ಮಧ್ಯಾಹ್ನನ ಹೇಳು ಅಂತ ನಾನ ಹಟ ಮಾಡಿದೆ. ನನ್ನ ಮಾಮಾ ಯುದ್ಧಕ್ಕ ಹೋಗಿದ್ದ. ಬರ್ಮಾದ ಕಾಡಿನ್ಯಾಗ ದಾರಿ ತಪ್ಪಿದ. ಹೊಳ್ಳಿ ಬರಲಿಲ್ಲ.”

ನನಗೆ ಸೋದರಮಾವಂದಿರು ಉಳಿದಿರಲಿಲ್ಲ. ಹೇಳು ಎಂದೆ.

ಕಥೆ ಶುರುಮಾಡಿದಾಗ ಅವಳ ದನಿಯೇ ಬೇರೆಯಾಯಿತು. ಮುದುಕಿಯ ನಡುಕ ಹೋಯಿತು. ಗಟ್ಟಿಮುಟ್ಟಾದ ಹೆಂಗಸೊಬ್ಬಳು ಎಲೆಯಡಿಕೆ ಬಾಯಲ್ಲಿಟ್ಟುಕೊಂಡು ಮಾತಾಡಿದ ಹಾಗೆ. ಹೊಸ ಮದುಮಗಳು ಗಂಡನ ಮನೆಗೆ ಬಂದಳಂತೆ. ಹೂಂ. ಗಂಡ ಸಂತೆಗೆ ಹೋದ, ಅತ್ತೆ ಊರಿಗೆ ಹೋದಳು. ಹೂಂ. ದೀಪ ಹಚ್ಚುವ ಹೊತ್ತಿಗೆ ಒಬ್ಬಳು ತಲೆ ತುಂಬ ಸೆರಗು ಹೊದ್ದು ಬಾಗಿಲಿಗೆ ಬಂದಳು. ಯವ್ವಾ, ಒಂದೀಟು ಬೆಂಕಿ ಕೊಡು ಎಂದಳು. ಹೂಂ. ಹುಡುಗಿ ಒಲೆಯಿಂದ ಸೌಟಿನಲ್ಲಿ ಕೆಂಡ ತಂದು ಕೊಟ್ಟಳು, ಮುಖ ನೋಡಲಿಲ್ಲ. ಮರುದಿನವೂ ಬಂದಳು. ಹೂಂ. ಅದರ ಮರುದಿನ ಕೆಂಡ ಹಾಕುವಾಗ ಹುಡುಗಿ ನೋಡುತ್ತಾಳೆ, ಹಾಕುತ್ತಿರುವುದು ಬರಿಯ ಅಂಗೈ ಮೇಲೆ. ಕೆಂಡ ಚುಯ್ ಎನ್ನಲಿಲ್ಲ. ಕೈ ಹಿಂದಕ್ಕೆ ಹೋಗಲಿಲ್ಲ. ಹೂಂ. ಹುಡುಗಿ ಸೌಟು ಎತ್ತಿ ಹಿಡಿದು ನಿಧಾನಕ್ಕೆ ಮುಖ ಮೇಲೆತ್ತಿದಳು.

“ಹೂಂ,” ಎಂದೆ.

“ಅಷ್ಟ,” ಎಂದಳು.

“ಅಷ್ಟೇ ಅಂದ್ರೆ?”

“ಅಷ್ಟೊತ್ತಿಗೆ ಟಾಂಗಾ ಬಂತು. ಅವ್ವ ಕೂಗಿದ್ಲು. ನಾ ಹೂಂ ಅಂದೆ, ಆಯಾ ಬಾಯಿ ತಗದ್ಲು, ಅಪ್ಪ ನನ್ನ ಎತಗೊಂಡು ಹೋದ. ಸ್ಟೇಶನ್ನು. ರೈಲು. ಹಡಗು.”

ಹಾಗೆ ನಿಂತುಹೋದ ಕಥೆ. ಆಯಾ ಅವಳಿಗೆ ಮೊದಲೇ ಹೇಳಿದ್ದಳಂತೆ: ಕಥೆ ಅರ್ಧಕ್ಕೆ ಬಿಟ್ಟು ಹೇಳುವವರು ಕೇಳುವವರು ಇನ್ನು ಸಿಗದ ಹಾಗೆ ಅಗಲಿದರೆ ಕಥೆಯೊಳಗಿನವರು ಅಲ್ಲೇ ನಿಂತಿರುತ್ತಾರೆ, ಕಡೆಯ ಹೂಂ ಯಾರು ಅಂದರೋ ಅವರ ಮನೆಯ ಬಾಗಿಲು ಕಾಯುತ್ತಾರೆ. ಮಗು ನಿದ್ದೆಗೆ ಜಾರದೆ ಪೂರ್ತಿ ಕೇಳಲಿ ಎಂದು ಆಡಿದ ಮಾತಿರಬೇಕು. ನಾನಾದರೂ ನನ್ನ ಮಗಳಿಗೆ ಇಂಥ ನೂರು ಸುಳ್ಳು ಹೇಳಿದ್ದೇನೆ. ಆದರೆ ಈ ಮಗು ಅದನ್ನು ನಂಬಿಕೊಂಡು ಹಡಗು ಹತ್ತಿತು. ಅಲ್ಲಿಂದ ಮುಂದೆ ಅವಳಿದ್ದ ಮನೆಯಲ್ಲೆಲ್ಲ, ದೀಪ ಹಾಕುವ ಹೊತ್ತಿಗೆ, ಬಾಗಿಲ ಆಚೆ ಯಾರೋ ನಿಂತಿರುವರು. ಬರೆದ ಪುಸ್ತಕಗಳಲ್ಲೆಲ್ಲ ಒಬ್ಬಳು ಬಾಗಿಲಿಗೆ ಬಂದು ಕೈ ಚಾಚುತ್ತಾಳೆ. ಒಂದೊಂದರಲ್ಲಿ ಒಂದೊಂದು ಕೊನೆ ಬರೆದು ನೋಡಿದಳು. ಯಾವುದೂ ಅವಳನ್ನು ಕಳಿಸಲಿಲ್ಲ.

“ನಾ ಇನ್ನೇನು ಸಾಯಾಕಿ,” ಎಂದಳು. “ನನಗೇನೂ ಅಂಜಿಕಿ ಇಲ್ಲ. ಆದ್ರ ನನ್ನ ಮಗಳು ಈ ಮನ್ಯಾಗ ಒಬ್ಬಾಕೀನ ಇರ್ತಾಳ. ಆ ಹೆಂಗಸು ಈಕಿ ಬಾಗಲದಾಗ ನಿಲ್ಲಬಾರದು. ಕಥಿ ಮುಗಿಸು. ನೀ ಆ ಕಡೆಯಾಕಿ. ನಿನಗ ಗೊತ್ತಿರ್ತದ.”

ಅವಳು ಮೊದಲ ದಿನ ನನ್ನ ಬಾಗಿಲಿಗೆ ಬಂದದ್ದು ಅದಕ್ಕೆ. ಆ ಹೆಂಗಸಿನ ಹಾಗೇ ನಿಂತು ಕೇಳಿದರೆ, ಕಥೆ ಬಲ್ಲವಳು ಮುಂದಿನ ಮಾತು ಹೇಳಿಯೇ ಹೇಳುತ್ತಾಳೆ ಎಂದು. ನಾನು ಕರೆಂಟ್ ಒಲೆ ಎಂದುಬಿಟ್ಟಿದ್ದೆ.

“ನನಗೆ ಈ ಕಥೆ ಗೊತ್ತಿಲ್ಲ,” ಎಂದೆ. ಸುಳ್ಳು ಹೇಳಿ ಸಮಾಧಾನ ಮಾಡುವುದು ನನಗೆ ಬಾರದು.

ಆದರೂ ದಿನಾ ಹೇಳುವಳು. ಎಂದಾದರೂ ಬಾಯಿ ತಾನಾಗಿ ಮುಂದಕ್ಕೆ ಹೋದೀತು ಎಂಬ ಆಸೆ. ನಾನು ಹೂಂಗುಟ್ಟುವೆ. ಅವಳ ಮಗಳನ್ನು ಮಾತ್ರ ಹತ್ತಿರ ಕೂರಲು ಬಿಡುತ್ತಿರಲಿಲ್ಲ, ಇಂಗ್ಲಿಷಿನಲ್ಲಿ ಗದರಿ ಮೇಲಕ್ಕೆ ಕಳಿಸುವಳು. ಯಾಕೆಂದು ನನಗೆ ಬೇಗ ಅರ್ಥವಾಯಿತು. ಆ ಮಗಳಿಗೆ ಯಾರು ಏನು ಹೇಳಿದರೂ ಬಾಯಿ ಮುಚ್ಚಿಕೊಂಡೇ ತಲೆಯಾಡಿಸಿ ಹೂಂ ಎನ್ನುವ ಅಭ್ಯಾಸ. ಬಿಳಿಯರಲ್ಲಿ ಬಹಳ ಜನಕ್ಕೆ ಅದಿದೆ. ನಾನು ಕನ್ನಡದಲ್ಲಿ ಬೈದರೂ ಹೂಂ ಎನ್ನುವಳು.

ಒಂದು ಮಧ್ಯಾಹ್ನ ಊಟ ಹೆಚ್ಚಾಗಿ ನನಗೆ ಕಣ್ಣು ಎಳೆಯಿತು. ಹೊರಗೆ ಬಿಸಿಲು. ದೊರೆಸಾನಿ ಹೇಳುತ್ತಿದ್ದಳು, ಅತ್ತೆ ಊರಿಗೆ ಹೋದಳು ಎಂದು ನಿಲ್ಲಿಸಿದಳು. ನಾನು ಹೂಂ ಎನ್ನಲಿಲ್ಲ.

ಹೂಂ ಬಂತು.

ಮುಂಬಾಗಿಲ ಕಡೆಯಿಂದ. ಗಂಟಲಿನಲ್ಲಿ ಹೇಳಿದ, ಹೆಂಗಸಿನ ಹೂಂ. ದೊರೆಸಾನಿ ಮುಂದಿನ ಮಾತಿಗೆ ಹೋದಳು, ನಿಂತಳು. ಮತ್ತೆ ಬಂತು. ನನ್ನ ನಿದ್ದೆ ಹಾರಿಹೋಯಿತು. ಅವಳು ನನ್ನ ಮುಚ್ಚಿದ ಬಾಯನ್ನು ನೋಡಿದಳು.

“ನೀ ಅಂದಿದ್ದಲ್ಲ,” ಎಂದಳು.

“ಅಲ್ಲ.”

“ಗೊತ್ತು.”

ಎದ್ದು ಹೋಗಿ ಬಾಗಿಲು ತೆಗೆದೆ. ಮೆಟ್ಟಿಲು, ಹುಲ್ಲು, ಎದುರು ಮನೆಯವರ ಕಸದ ಡಬ್ಬ. ಯಾರೂ ಇಲ್ಲ.

ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, “ಡೇಟಾ ಸೆಂಟರ್ ಸೌಂಡ್ ಕಣಮ್ಮ,” ಎಂದಳು. ನಮ್ಮ ಬಡಾವಣೆಯ ಹಿಂದೆ ಕಿಟಕಿಯೇ ಇಲ್ಲದ ದೊಡ್ಡ ದೊಡ್ಡ ಕಟ್ಟಡಗಳಿವೆ. ಒಳಗೆ ಮನುಷ್ಯರಿಲ್ಲ, ಯಂತ್ರಗಳಂತೆ. ಹಗಲು ರಾತ್ರಿ ಒಂದೇ ಸಮ ಗುಂಯ್ ಎನ್ನುತ್ತವೆ. ಆ ಸದ್ದು ನನಗೂ ಗೊತ್ತು. ಅದು ಮಾತು ಮುಗಿಯುವುದನ್ನು ಕಾಯುವುದಿಲ್ಲ.

“ಮತ್ತೆ ಅವರ ಮನೆ ಬಾಗಿಲ ಬೆಲ್ಲು?” ಎಂದೆ. ಬಾಗಿಲಿಗೆ ಕ್ಯಾಮೆರಾ ಇರುವ ಬೆಲ್ಲು ಅವರದು. ಯಾರಾದರೂ ಹತ್ತಿರ ಬಂದರೆ ಒಳಗೆ ತಾನೇ ಟಿಂಗ್ ಎನ್ನುತ್ತದೆ. ದಿನಾ ದೀಪದ ಹೊತ್ತಿಗೆ ಟಿಂಗ್ ಎನ್ನುವುದು ಗೋಡೆಯಾಚೆಯಿಂದ ನಮಗೂ ಕೇಳಿಸುತ್ತಿತ್ತು. ಫೋನಿನಲ್ಲಿ ನೋಡಿದರೆ ಖಾಲಿ ಮೆಟ್ಟಿಲು.

“ರಕೂನ್ ಇರತ್ತೆ, ಆ ಕಸದ ಡಬ್ಬ ಕೆದಕೋ ಪ್ರಾಣಿ. ನಿನಗೂ ಆ ಅಜ್ಜಿ ಕಥೆ ತಲೆಗೆ ಹತ್ತಿದೆ ಬಿಡು.”

ಹತ್ತಿತ್ತು, ಇಲ್ಲ ಎನ್ನುವುದಿಲ್ಲ. ರೊಟ್ಟಿ ತಟ್ಟುವಾಗ, ಬಟ್ಟೆ ಮಡಚುವಾಗ ಅದೇ. ಸೌಟು ಎತ್ತಿ ಹಿಡಿದ ಹುಡುಗಿ, ಚಾಚಿದ ಕೈ. ನಾನು ಚಿಕ್ಕವಳಿದ್ದಾಗ ನಮ್ಮ ಕೇರಿಯಲ್ಲೂ ಬೆಂಕಿಕಡ್ಡಿ ದಂಡ ಎಂದು ಒಬ್ಬರ ಒಲೆಯಿಂದ ಇನ್ನೊಬ್ಬರು ಕೆಂಡ ತರುತ್ತಿದ್ದೆವು. ಅವ್ವ ನನ್ನನ್ನು ಕಳಿಸುವಳು. ಬರಿಗೈಯಲ್ಲಿ ಯಾರು ಹೋಗುತ್ತಾರೆ? ಕೈಯಲ್ಲಿ ಒಂದು ಬೆರಣಿ ಚೂರೋ ಒಡೆದ ಮಡಕೆಯ ಬೋಕಿಯೋ ಇರಬೇಕು. ಬರಿಗೈಯಲ್ಲಿ ಹೋದರೆ ಎದುರುಮನೆ ಅತ್ತೆ, “ಕೆಂಡಾನ ಸೆರಗಲ್ಲಿ ಕಟ್ಕೊಂಡು ಹೋಗ್ತೀಯೇನೇ ಮೂದೇವಿ? ಹೋಗು, ಬೋಕಿ ತಗೊಂಡು ಬಾ,” ಎಂದು ಅಟ್ಟುವಳು.

ಮರುದಿನ ದೊರೆಸಾನಿ ಕಥೆ ಹೇಳಿ ಎಂದಿನ ಜಾಗಕ್ಕೆ ಬಂದು ನಿಂತಾಗ ನಾನು ಬಿಡಲಿಲ್ಲ.

“ಈಗ ನೀನು ಹೂಂ ಅನ್ನು,” ಎಂದೆ. “ಹುಡುಗಿ ಮುಖ ಎತ್ತಿ ನೋಡಿದಳು.”

ಅವಳ ಕಣ್ಣು ದೊಡ್ಡದಾಯಿತು. “ಹೂಂ.”

“ಮುಖ ಹೇಗಿತ್ತೋ ಏನೋ, ನನಗೆ ಗೊತ್ತಿಲ್ಲ. ಹುಡುಗಿ ಹೇಳಿದಳು, ಏನಮ್ಮ, ದಿನಾ ಬರಿಗೈ ಚಾಚ್ಕೊಂಡು ಬರ್ತೀಯಲ್ಲ, ಕೆಂಡ ಇಸ್ಕೊಳ್ಳೋ ರೀತಿ ಗೊತ್ತಿಲ್ವಾ ನಿನಗೆ? ಹೋಗು, ಮನೆಯಿಂದ ಒಂದು ಬೋಕಿ ತಗೊಂಡು ಬಾ. ಆಮೇಲೆ ಕೊಡ್ತೀನಿ.”

“ಹೂಂ!”

“ಅವಳು ಕೈ ಇಳಿಸಿದಳು. ತಿರುಗಿಕೊಂಡು ಹೋದಳು. ಬಾಗಿಲು ಖಾಲಿ ಆಯ್ತು. ಕಥೆ ಮುಗೀತು.”

ದೊರೆಸಾನಿ ನಕ್ಕಳು, ನೋಡಿ. ಅಂಥ ನಗುವನ್ನು ಆ ಮನೆಯಲ್ಲಿ ನಾನು ಕೇಳಿರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವವರೆಗೆ, ಕಣ್ಣಲ್ಲಿ ನೀರು ಬರುವವರೆಗೆ. ಮಗಳು ಮಹಡಿಯಿಂದ ಇಳಿದು ಬಂದು ನೋಡಿದಳು. ಬೋಕಿ, ಬೋಕಿ ಎಂದು ಹೇಳಿ ಹೇಳಿ ನಕ್ಕಳು. ಆ ಸಂಜೆ ಅವರ ಮನೆಯ ಟಿಂಗ್ ಕೇಳಿಸಲಿಲ್ಲ. ನಾನು ಗೋಡೆಗೆ ಕಿವಿ ಕೊಟ್ಟೇ ಕೂತಿದ್ದೆ.

ಮಾರನೆಯ ದಿನ ಹೋದಾಗ ಅವಳ ಮುಖದಲ್ಲಿ ನಗುವಿರಲಿಲ್ಲ.

“ನೀ ಆಕೀನ ಕಳಸಲಿಲ್ಲ,” ಎಂದಳು. “ಬೋಕಿ ತಗೊಂಡು ಬಾ ಅಂದಿ. ಅಂದಮ್ಯಾಲೆ ಹೊಳ್ಳಿ ಬರ್ತಾಳ.”

ಅವಳು ಹೇಳಿದ್ದು ಸರಿ. ನಾನು ಹೆಂಗಸನ್ನು ಓಡಿಸಿದೆ ಎಂದುಕೊಂಡಿದ್ದೆ. ಮತ್ತೆ ಬರುವುದಕ್ಕೆ ಕಾರಣ ಕೊಟ್ಟು ಕಳಿಸಿದ್ದೆ.

ಎಲೆ ಉದುರುವ ಕಾಲಕ್ಕೆ ಅವಳಿಗೆ ಇನ್ನೊಂದು ಸ್ಟ್ರೋಕ್ ಆಯಿತು. ಆಸ್ಪತ್ರೆಯಿಂದ ಮನೆಗೆ ತಂದು, ಸುಳ್ಳು ಸೌದೆಯ ಮುಂದೆ ಕಬ್ಬಿಣದ ಮಂಚ ಹಾಕಿ ಮಲಗಿಸಿದರು. ಇಂಗ್ಲಿಷ್ ಪೂರ್ತಿ ಹೋಗಿತ್ತು. ಅಷ್ಟು ಪುಸ್ತಕ ಬರೆದ ಭಾಷೆಯಲ್ಲಿ ಒಂದು ಮಾತೂ ಉಳಿಯಲಿಲ್ಲ. ಮಗಳು ಇಂಗ್ಲಿಷಿನಲ್ಲಿ ಕೇಳುವಳು, ತಾಯಿ ಕನ್ನಡದಲ್ಲಿ ಹೇಳುವಳು, ನಾನು ನನ್ನ ಮಗಳಿಗೆ ಹೇಳುವೆ, ನನ್ನ ಮಗಳು ಅವಳಿಗೆ ಹೇಳುವಳು. ನೀರು ಬೇಕಂತೆ. ಬೆನ್ನು ನೋಯುತ್ತಂತೆ. ಹೆಚ್ಚೇನೂ ಇರಲಿಲ್ಲ ಹೇಳುವುದಕ್ಕೆ.

ಆ ಮಧ್ಯಾಹ್ನ ನಾವು ಮೂವರೇ ಇದ್ದೆವು. ಮಂಚದ ಆ ಕಡೆ ಮಗಳು, ಈ ಕಡೆ ನಾನು. ದೊರೆಸಾನಿ ಕಣ್ಣು ಮುಚ್ಚಿಕೊಂಡೇ ಶುರುಮಾಡಿದಳು. ಹೊಸ ಮದುಮಗಳು ಗಂಡನ ಮನೆಗೆ ಬಂದಳಂತೆ.

ಮಗಳು ತಾಯಿಯ ಕೈ ಸವರುತ್ತಾ ಹೂಂ ಎಂದಳು.

ಇಷ್ಟು ದಿನ ತಾಯಿ ಅವಳನ್ನು ದೂರ ಇಟ್ಟದ್ದು ಇದಕ್ಕೇ. ಈಗ ಮೇಲಕ್ಕೆ ಕಳಿಸಲು ಅವಳಿಗೆ ಇಂಗ್ಲಿಷ್ ಇಲ್ಲ. ಎದ್ದು ಹೋಗು ಎಂದು ಹೇಳಲು ನನಗೂ ಇಲ್ಲ. ಇದ್ದರೂ, ಸಾಯುವ ತಾಯಿಯನ್ನು ಬಿಟ್ಟು ಹೋಗು ಎಂದು ಯಾವ ಬಾಯಲ್ಲಿ ಹೇಳಲಿ?

ಕಥೆ ನಡೆಯಿತು. ಮಗಳು ಹೂಂ ಎಂದರೆ ಅದರ ಹಿಂದೆಯೇ ನಾನು ಜೋರಾಗಿ ಹೂಂ ಎನ್ನುವೆ. ಅವಳು ನನ್ನ ಕಡೆ ತಿರುಗಿ, ಮರ್ಯಾದೆಗೆ, ಮತ್ತೊಮ್ಮೆ ಹೂಂ ಎನ್ನುವಳು. ನಾನು ಮತ್ತೆ. ಹೊರಗಿನವರು ಯಾರಾದರೂ ನೋಡಿದ್ದರೆ ನಗುತ್ತಿದ್ದರು. ಬಾಗಿಲ ಕಡೆಯಿಂದ ಮಾತ್ರ ಒಂದು ಸದ್ದೂ ಇಲ್ಲ. ಡೇಟಾ ಸೆಂಟರಿನದೂ ಕೇಳಿಸದಷ್ಟು ಮೌನ.

ದೊರೆಸಾನಿಯ ಉಸಿರು ತುಂಡಾಗುತ್ತಿತ್ತು. ಬರಿಗೈಗೆ ಬಂದಳು. ಹುಡುಗಿ ಮುಖ ಎತ್ತಿದಳು. ಹೋಗು, ಬೋಕಿ ತಗೊಂಡು ಬಾ ಎಂದಳು.

“ಆಕಿ ಬೋಕಿ ತರಾಕ ಹೋದ್ಲು,” ಎಂದು ದೊರೆಸಾನಿ ಕಣ್ಣು ತೆರೆದಳು. ಮಗಳನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನನ್ನೇ ನೋಡುತ್ತಾ ಉಳಿದಳು.

ಮಗಳ ತುಟಿ ಬಿಗಿದುಕೊಂಡಿತು, ಹೂಂ ಎಂದಳು. ನಾನು ಮಂಚದ ಮೇಲಿಂದ ಬಾಗಿ ನನ್ನ ಅಂಗೈಯನ್ನು ಮಗಳ ಬಾಯ ಮೇಲೆ ಒತ್ತಿ ಹಿಡಿದೆ. ಅವಳು ಬೆಚ್ಚಿದಳು. ನಾನು ಬಿಡಲಿಲ್ಲ.

“ಹೂಂ,” ಎಂದೆ.

ದೊರೆಸಾನಿಯ ಮುಖ ಸಡಿಲವಾಯಿತು. ಇನ್ನು ಮಾತಾಡಲಿಲ್ಲ. ಸಂಜೆಗೆ ಮುನ್ನ ಉಸಿರು ನಿಂತಿತು. ಅದಕ್ಕೆ ಮೊದಲು, ಇನ್ನು ಮಾತು ಬರದೆಂದು ಖಾತ್ರಿಯಾಗಿ ನಾನು ಕೈ ತೆಗೆದಾಗ ಆ ಮಗಳ ಕೆನ್ನೆಯಲ್ಲಿ ನನ್ನ ಬೆರಳಿನ ಗುರುತು ಮೂಡಿತ್ತು. ಅವಳು ಯಾಕೆಂದು ಕೇಳಲಿಲ್ಲ. ದುಃಖ ತಡೆಯಲಾರದೆ ಈ ಪಕ್ಕದ ಮನೆಯ ಮುದುಕಿ ಹಾಗೆ ಮಾಡಿದಳು ಎಂದು ಎಣಿಸಿರಬೇಕು. ಎಣಿಸಲಿ.

ನಾನೇಕೆ ಹಾಗೆ ಮಾಡಿದೆ ಎಂದರೆ, ದೊಡ್ಡ ಮನಸ್ಸೇನಲ್ಲ. ಹೆಂಗಸನ್ನು ಬೋಕಿ ತರಲು ಕಳಿಸಿದವಳು ನಾನು. ಅವಳು ಬಂದಾಗ ಬಾಗಿಲು ತೆಗೆಯಬೇಕಾದವಳೂ ನಾನೇ. ಕೆಂಡ ಎಂದರೇನು ಎಂದೇ ಗೊತ್ತಿಲ್ಲದ ಆ ಮಗಳು ಏನು ಮಾಡಿಯಾಳು?

ಅವಳು ಮನೆ ಮಾರಿ ಕೆರೊಲಿನಾ ಕಡೆ ಹೋದಳು. ಹಬ್ಬಕ್ಕೆ ನನ್ನ ಮಗಳಿಗೆ ಫೋನ್ ಮಾಡಿದಾಗ, “ಅವಳ ಮನೇಲಿ ಸಂಜೆ ಬಾಗಿಲ ಬೆಲ್ ಆಗುತ್ತಾ ಕೇಳೇ,” ಎಂದೆ.

“ಇದೇನಮ್ಮ ಕೇಳೋ ವಿಷಯ?” ಎಂದರೂ ಕೇಳಿದಳು. “ಇಲ್ವಂತೆ. ತುಂಬಾ ಕ್ವಯೆಟ್ ಜಾಗವಂತೆ.”

ಅಷ್ಟು ಸಾಕಿತ್ತು.

ಅಷ್ಟರಲ್ಲಿ ನಮ್ಮ ಬಾಗಿಲು ಶುರುವಾಗಿತ್ತು. ಅಳಿಯ ಅಂಥದ್ದೇ ಕ್ಯಾಮೆರಾ ಬೆಲ್ಲು ಹಾಕಿಸಿದ್ದ. ದೀಪದ ಹೊತ್ತಿಗೆ ಟಿಂಗ್. ನೋಡಿದರೆ ಖಾಲಿ ಮೆಟ್ಟಿಲು. ನಾನು ದೀಪ ಹಚ್ಚಿ, ಹುರಿಗಡಲೆ ತಿನ್ನುತ್ತಾ, ಕೇಳಿಸಿಕೊಂಡು ಕೂರುವೆ. ಒಂದು ಸಂಜೆ ಟಿಂಗ್ ಆದ ಕೂಡಲೇ ಎದ್ದು ಬಾಗಿಲು ತೆಗೆದೆ. ಮೇಲಿನ ಮೆಟ್ಟಿಲ ಮೇಲೆ ಹೂವಿನ ಕುಂಡದ ಒಡೆದ ಚೂರು ಇತ್ತು. ಅಂಗೈ ಅಗಲ, ಒಳಗೆ ಸ್ವಲ್ಪ ಗುಳಿ. ಸುತ್ತಮುತ್ತ ಯಾರ ಮನೆಯಲ್ಲೂ ಮಣ್ಣಿನ ಕುಂಡವಿಲ್ಲ. ಎಲ್ಲ ಪ್ಲಾಸ್ಟಿಕ್. ನಾನು ಮರುದಿನ ನಡೆದು ಹೋಗಿ ನೋಡಿಯೇ ಹೇಳುತ್ತಿದ್ದೇನೆ.

ಹೇಳಿದ ಮಾತು ಕೇಳಿದ್ದಾಳೆ ಎಂದುಕೊಂಡೆ.

ದೀಪ ಹಚ್ಚಿದ ಮೇಲೆ ಬೆಂಕಿಯನ್ನು ಹೊರಗೆ ಕೊಡಬಾರದು. ಅದಕ್ಕೆ ಮರುದಿನ ದೀಪ ತಡಮಾಡಿದೆ. ಅಳಿಯ ಹಿತ್ತಿಲಲ್ಲಿ ಜೋಳ ಸುಡಲು ತಂದಿಟ್ಟ ಇದ್ದಿಲಿನ ಮೂಟೆ ಗರಾಜಿನಲ್ಲಿತ್ತು. ನಾಲ್ಕು ತುಂಡು ತೆಗೆದು ಹಿತ್ತಿಲ ಒಲೆಯಲ್ಲಿ ಹೊತ್ತಿಸಿ ಊದಿದೆ. ಮಗಳು ಕಿಟಕಿಯಿಂದ ಕೂಗಿದಳು.

“ಅಮ್ಮಾ, ಏನದು ಹೊಗೆ? ಬಡಾವಣೆಯವರು ನೋಟಿಸ್ ಕಳಿಸ್ತಾರೆ!”

“ಕಳಿಸ್ಲಿ, ನೀನು ಮೀಟಿಂಗ್ ನೋಡು!”

ಇಕ್ಕಳ ಹುಡುಕಲಿಲ್ಲ. ನನ್ನ ಬೆರಳೇ ಸಾಕು. ಕೆಂಪಗೆ ಕಾದ ಒಂದು ತುಂಡನ್ನು ಬೋಕಿಗೆ ಹಾಕಿಕೊಂಡು ಮುಂಬಾಗಿಲಿಗೆ ಬಂದೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಮೆಟ್ಟಿಲ ಮೇಲೆ ಇಟ್ಟೆ. ಮುಖ ಎತ್ತಿ ನೋಡಲಿಲ್ಲ. ಕಥೆಯ ಹುಡುಗಿ ನೋಡಿ ಏನು ಪಡೆದಳು?

“ತಗೊಳ್ಳವ್ವ. ಇದಕ್ಕೆ ಮುಗೀತು,” ಎಂದೆ. ಒಳಗೆ ಬಂದು ಬಾಗಿಲು ಹಾಕಿಕೊಂಡು ದೀಪ ಹಚ್ಚಿದೆ.

ಬೆಳಿಗ್ಗೆ ಮೆಟ್ಟಿಲ ಮೇಲೆ ಬೋಕಿ ಇರಲಿಲ್ಲ. ಬೂದಿಯೂ ಇರಲಿಲ್ಲ. ಕಲ್ಲಿನ ಮೇಲೆ ಕರಕಲು ಗುರುತೂ ಇಲ್ಲ. ಬಾಗಿಲ ಬೆಲ್ಲು ಆಮೇಲಿಂದ ಡಬ್ಬ ತರುವವರಿಗೆ ಮಾತ್ರ ಹೊಡೆದುಕೊಳ್ಳುತ್ತದೆ.

ರಕೂನ್ ಎಳೆದುಕೊಂಡು ಹೋಗಿರುತ್ತದೆ ಎಂದು ಮಗಳು ಈಗಲೂ ಹೇಳುತ್ತಾಳೆ. ನಾನು ಹೂಂ ಎನ್ನುತ್ತೇನೆ.